ಖಾಲಿ ಬಿಟ್ಟ ಚೌಕ

ಕಂತು ೯

“ಸತ್ತ ಮನುಷ್ಯನಿಗೆ ಇವತ್ತು ಬೆಳಿಗ್ಗೆ ಒಂಬತ್ತು ಸಾವಿರ ರಬ್ಬರ್ ಸೀಲುಗಳ ಆರ್ಡರ್ ಕಳಿಸಿದ್ದೀರಿ ಸರ್,” ಎಂದೆ. “ಯಾವಾಗ ತಂದುಕೊಡ್ತಾನಂತೆ?”

ಬಾಳೆಹಣ್ಣು ಸುಲಿಯುತ್ತಿದ್ದ ಪರ್ಸೆಂಟ್ ಸರ್ ಅರ್ಧಕ್ಕೆ ಕೈ ನಿಲ್ಲಿಸಿದರು.

ಪಂಪ್ ಕಾರ್ಖಾನೆಯ ಯೋಜನಾ ವಿಭಾಗದ ಮುಖ್ಯಸ್ಥರಿಗೆ ಈ ಅಡ್ಡಹೆಸರು ಇಟ್ಟವರು ಯಾರೋ, ಬಾಯಿಗೆ ಸಕ್ಕರೆ ಹಾಕಬೇಕು. ಟೀ ಎಪ್ಪತ್ತು ಪರ್ಸೆಂಟ್ ಚೆನ್ನಾಗಿದೆ, ಮಂಡಿನೋವು ಅರವತ್ತು ಪರ್ಸೆಂಟ್ ಕಮ್ಮಿಯಾಗಿದೆ, ಮಗಳು ಆ ಹುಡುಗನಿಗೆ ನಲವತ್ತು ಪರ್ಸೆಂಟ್ ಒಪ್ಪಿದ್ದಾಳೆ. ಐವತ್ತಾರು ವಯಸ್ಸು, ಜೇಬಿನಲ್ಲಿ ಎರಡು ಪೆನ್ನು, ಇಸ್ತ್ರಿ ಮಡಿಕೆ ಮುರಿಯದ ಅಂಗಿ. ನೋಡಿದರೆ ಇರುವೆಗೂ ದಾರಿ ಬಿಡುವಂತಹ ಮನುಷ್ಯ.

ಇಂಥವರೇ ಕೊಲ್ಲುವುದು ಎಂದು ನನ್ನ ಕಸುಬು ನನಗೆ ಕಲಿಸಿದೆ.

ಎರಡು ವಾರದ ಹಿಂದೆ ಯಜಮಾನರು ನನ್ನನ್ನು ಕರೆಸಿದ್ದು ಒಂದೇ ಪ್ರಶ್ನೆಗೆ ಉತ್ತರ ಹುಡುಕಲು: ನೀರು ಸೋರದಂತೆ ತಡೆಯುವ ಈ ರಬ್ಬರ್ ಸೀಲಿಲ್ಲದೆ ಪಂಪಿನ ಜೋಡಣೆ ತಿಂಗಳಲ್ಲಿ ಮೂರು ಸಲ ನಿಂತಿದ್ದೇಕೆ? ಕಾರ್ಖಾನೆಗಳ ಒಳಗಿನ ಮೋಸ ಪತ್ತೆ ಹಚ್ಚುವುದು ನನ್ನ ಹೊಟ್ಟೆಪಾಡು. ಆದರೆ ಸೀಲು ಮಾಡುತ್ತಿದ್ದ ಆ ಸತ್ತ ಮನುಷ್ಯ ನನ್ನ ಒಡಹುಟ್ಟಿದ ಅಣ್ಣ ಎಂಬುದನ್ನು ನಾನು ಅವರಿಗೆ ಹೇಳಿರಲಿಲ್ಲ, ಹೆಸರೂ ಬೇರೆಯೇ ಕೊಟ್ಟಿದ್ದೆ.

“ಸಾಫ್ಟ್‌ವೇರ್‌ಗೆ ಸಾವು ಗೊತ್ತಾಗಲ್ಲ ಮೇಡಂ,” ಎಂದರು ಪರ್ಸೆಂಟ್ ಸರ್, ಹಣ್ಣನ್ನು ಸಿಪ್ಪೆಯ ಮೇಲೆಯೇ ಇಟ್ಟು. “ಯಾರಾದ್ರೂ ಹೇಳ್ಬೇಕು. ವರ್ಕ್‌ಶಾಪು ಮುಚ್ಚಿದೆ ಅಂತ ಖರೀದಿಯವರ ಹತ್ರ ಕಾಗದ ಕೇಳಿದ್ದೆ, ಇನ್ನೂ ಬಂದಿಲ್ಲ. ಕಾಗದ ಇಲ್ದೆ ನಾನು ಯಾವ ನಿಯಮಾನೂ ಮುಟ್ಟಲ್ಲ.”

“ಅಷ್ಟು ಶಿಸ್ತಾ?”

“ನೂರು ಪರ್ಸೆಂಟ್.”

ನನ್ನ ಮಣಿಕಟ್ಟಿನಲ್ಲಿ ಅಣ್ಣನ ಗಡಿಯಾರ ಇತ್ತು. ಗಾಜು ಬಿರುಕು ಬಿಟ್ಟಿದೆ, ಆದರೂ ಓಡುತ್ತದೆ. ಬೆಳಿಗ್ಗೆ ಹೊರಡುವಾಗ ಅತ್ತಿಗೆ ಅದನ್ನು ತಾನೇ ಕಟ್ಟಿದ್ದಳು. “ನಿಮ್ಮಣ್ಣನ್ನ ಕೊಂದೋನು ಒದ್ದಾಡೋದನ್ನ ಇದೂ ನೋಡ್ಲಿ. ಇವತ್ತು ಮುಗಿಸೇ ಬಾ,” ಎಂದಿದ್ದಳು. ಹನ್ನೊಂದೂ ಇಪ್ಪತ್ತಾಗಿತ್ತು. ಸರಿಯಾಗಿ ಹನ್ನೆರಡಕ್ಕೆ ಈ ಕೋಣೆಗೆ ಬರಬೇಕೆಂದು ಯಜಮಾನರಿಗೆ ನಾನೇ ಹೇಳಿಟ್ಟಿದ್ದೆ. ಇವರ ಮಾನ ಎಲ್ಲರ ಮುಂದೆ ಹೋಗಬೇಕು. ನ್ಯಾಯ, ಪೊಲೀಸು, ವಿಚಾರಣೆ ಎಲ್ಲ ಆಮೇಲೆ. ಮೊದಲು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು.

“ಕೂತ್ಕೊಳ್ಳಿ ಸರ್. ನಿಮ್ಮ ಸಾಫ್ಟ್‌ವೇರಿನ ಪಾಠ ನಿಮಗೇ ಒಪ್ಪಿಸ್ತೀನಿ, ತಪ್ಪಿದ್ರೆ ಕಿವಿ ಹಿಂಡಿ.”

ಪರದೆಯನ್ನು ಅವರ ಕಡೆ ತಿರುಗಿಸಿದೆ. ಅದರಲ್ಲಿ ಒಂದೇ ನಿಯಮ ಇತ್ತು. ಯಾವ ವಸ್ತುವನ್ನು ಯಾರಿಂದ, ಎಷ್ಟು ಪಾಲು ತರಿಸಬೇಕು ಎಂಬ ನಿಯಮ. ರಬ್ಬರ್ ಸೀಲು: ಅಣ್ಣನ ವರ್ಕ್‌ಶಾಪಿಗೆ ಅರವತ್ತು, ಹದಿನೈದು ತಿಂಗಳ ಹಿಂದೆ ಬಂದ ಹೊಸ ಕಂಪನಿಗೆ ನಲವತ್ತು.

“ಅರವತ್ತು. ಹಳಬರ ಪಾಲು ದೊಡ್ಡದು,” ಎಂದೆ. “ಯಾರು ಬಂದು ನೋಡಿದ್ರೂ ಇದು ಕಾಣುತ್ತೆ. ಖರೀದಿಯವರು ನೋಡಿದ್ರು, ಯಜಮಾನರು ನೋಡಿದ್ರು. ಆ ಮನುಷ್ಯ ಹತ್ತು ತಿಂಗಳು ಫೋನ್ ಮಾಡಿ ಮಾಡಿ ಕೇಳ್ದಾಗ್ಲೂ ಖರೀದಿಯವರು ಇದನ್ನೇ ಓದಿ ಹೇಳಿದ್ರು. ‘ನಿಮ್ಮ ಅರವತ್ತು ಹಾಗೇ ಇದೆ, ಆರ್ಡರ್ ಬರುತ್ತೆ ಬಿಡಿ.’ ಆದ್ರೆ ಬರ್ಲಿಲ್ಲ. ಹನ್ನೊಂದು ತಿಂಗಳು ಒಂದೇ ಒಂದು ಆರ್ಡರ್ ತಾನಾಗಿ ಬರ್ಲಿಲ್ಲ. ಯಾಕೆ?”

ಅವರು ಜೇಬಿನ ಪೆನ್ನೊಂದನ್ನು ತೆಗೆದು ಮತ್ತೆ ಅಲ್ಲೇ ಇಟ್ಟರು.

“ಯಾಕಂದ್ರೆ ಈ ಸಾಫ್ಟ್‌ವೇರ್ ಮಹಾರಾಯ ಪ್ರತಿ ಆರ್ಡರಿಗೂ ಹಳೇದನ್ನೆಲ್ಲ ಎಣಿಸ್ತಾನೆ. ಇವತ್ತಿನ ತನಕ ತಮ್ಮ ಪಾಲಿಗಿಂತ ಯಾರು ಹಿಂದೆ ಬಿದ್ದಿದ್ದಾರೋ ಅವರಿಗೆ ಕೊಡ್ತಾನೆ. ಹಳಬರು ಏಳು ವರ್ಷದಲ್ಲಿ ಮೂರು ಲಕ್ಷ ಸೀಲು ಕೊಟ್ಟಿದ್ರು. ಹೊಸಬರದ್ದು ಸೊನ್ನೆ. ಹಾಗಾದ್ರೆ ಹಿಂದೆ ಬಿದ್ದಿರೋರು ಯಾರು? ಹೊಸಬರು. ಅವರು ಎರಡು ಲಕ್ಷ ಕೊಟ್ಟು ಮುಗಿಸೋ ತನಕ ಹಳಬರಿಗೆ ಒಂದೂ ಇಲ್ಲ. ತಿಂಗಳಿಗೆ ಹದಿನೈದು ಸಾವಿರದ ಹಾಗೆ, ಹದಿಮೂರು ತಿಂಗಳು.”

ಮನೆಗೆ ಹೊಸ ಮಗು ಬಂತೆಂದು ದೊಡ್ಡ ಮಗನಿಗೆ, ‘ನೀನು ಏಳು ವರ್ಷ ಉಂಡಿದ್ದೀಯ, ಇದು ಅಷ್ಟು ಉಣ್ಣುವ ತನಕ ನಿನಗೆ ತಟ್ಟೆ ಇಲ್ಲ’ ಎನ್ನುವ ತಾಯಿ ಎಲ್ಲಾದರೂ ಉಂಟೇ? ಈ ಯಂತ್ರ ಅಂಥ ತಾಯಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಯಾರೋ ಈ ಪೆಟ್ಟಿಗೆಯನ್ನು ನೋಡಿಯೇ ಕಟ್ಟಿರಬೇಕು.

“ಅದು ಆಗ್ಬಾರ್ದು ಅಂತಾನೇ ಒಂದು ಚೌಕ ಕೊಟ್ಟಿದ್ದಾರೆ,” ಎಂದೆ. ಪರದೆಯ ಬಲತುದಿಗೆ ಬೆರಳಿಟ್ಟೆ. “ಆರಂಭದ ಪ್ರಮಾಣ. ಹೊಸಬರ ಹೆಸರಿನ ಮುಂದೆ ಇಲ್ಲಿ ‘ಎರಡು ಲಕ್ಷ’ ಅಂತ ಬರೆದ್ರೆ ಸಾಕಿತ್ತು. ಇಬ್ಬರೂ ಒಂದೇ ಗೆರೆಯಿಂದ ಓಡ್ತಿದ್ರು. ಇದು ಖಾಲಿ ಇದೆ. ನಿಯಮ ಹಾಕಿದ ಕೈ ಯಾರದ್ದು ಅಂತ ಕೆಳಗೇ ಇದೆ, ನೀವೇ ಓದಿ.”

ಅಲ್ಲಿ ಅವರದೇ ಗುರುತಿನ ಸಂಖ್ಯೆ ಇತ್ತು.

“ಮರೆವು ಅಂತ ಹೇಳ್ಬೇಡಿ ಸರ್. ಇಬ್ಬರು ಸರಬರಾಜುದಾರರಿರೋ ನಿಯಮ ನಿಮ್ಮ ಹೆಸರಲ್ಲಿ ನಲವತ್ತಮೂರು ಇವೆ. ಕೂತು ಒಂದೊಂದೂ ತೆಗೆದು ನೋಡಿದ್ದೀನಿ. ನಲವತ್ತೆರಡರಲ್ಲಿ ಆ ಚೌಕ ತುಂಬಿದೆ, ಅದೂ ಬಿಡಿಬಿಡಿಯಾಗಿ ಲೆಕ್ಕ ಹಾಕಿ. ಖಾಲಿ ಬಿಟ್ಟಿರೋದು ಇದೊಂದೇ.”

ಈ ಮಾತನ್ನು ಹೇಳಲು ನಾನು ಹನ್ನೆರಡು ದಿನ ಕಾದಿದ್ದೆ. ಹೇಳಿದ ಮೇಲೆ ಅವರ ಮುಖ ನೋಡಿದೆ. ಬೆವರಬೇಕಿತ್ತು, ತೊದಲಬೇಕಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವುದು ಲೋಕರೂಢಿ. ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತ ಕೂತರು.

ನನಗೆ ಮೈ ಉರಿಯಿತು.

“ಆ ವರ್ಕ್‌ಶಾಪಲ್ಲಿ ಎಂಟು ಜನ ಇದ್ರು ಸರ್. ಕೆಲಸ ಇಲ್ಲ ಅಂತ ಒಬ್ಬೊಬ್ಬರನ್ನೇ ಮನೆಗೆ ಕಳಿಸಿದ. ಹನ್ನೊಂದನೇ ತಿಂಗಳಿಗೆ ಒಂದು ಆರ್ಡರ್ ಬಂತು. ಎರಡು ಸಾವಿರ ಸೀಲು, ನಾಲ್ಕು ದಿನದಲ್ಲಿ. ಸೀಲು ಒತ್ತೋ ಆ ಪ್ರೆಸ್ಸಿನ ಮುಂದೆ ಇಬ್ಬರು ನಿಲ್ಲಬೇಕು. ಒಬ್ಬ ಅಚ್ಚು ಜೋಡಿಸ್ಬೇಕು, ಇನ್ನೊಬ್ಬ ಹಿಡಿ ಎಳೀಬೇಕು. ಅವನು ಒಬ್ನೇ ನಿಂತ. ಹಾಡಹಗಲು ಮೂರು ಗಂಟೆಗೆ...”

ಪೊಲೀಸರು ಅಪಘಾತ ಎಂದು ಬರೆದುಕೊಂಡು ಹೋದರು. ಯಂತ್ರ ಕೊಂದಿತು ಎಂದರು. ಯಂತ್ರಕ್ಕೆ ಏನು ಗೊತ್ತು ಪಾಪ, ಎಳೆದರೆ ಕೆಳಗಿಳಿಯುತ್ತದೆ.

ಅದಕ್ಕಿಂತ ದೊಡ್ಡ ಸಂಕಟ ಒಂದಿದೆ. ಇನ್ನೆರಡು ತಿಂಗಳು ತಡೆದಿದ್ದರೆ ಹೊಸಬರ ಎರಡು ಲಕ್ಷ ತುಂಬುತ್ತಿತ್ತು, ಸಾಫ್ಟ್‌ವೇರೇ ಅಣ್ಣನನ್ನು ಕರೆಯುತ್ತಿತ್ತು. ಈಗ ಕರೆಯುತ್ತಲೇ ಇದೆ. ಮೊದಲ ಆರ್ಡರ್, ಎರಡನೆಯ ಆರ್ಡರ್, ಇವತ್ತಿನ ಒಂಬತ್ತು ಸಾವಿರ. ಬೀಗ ಹಾಕಿದ ಬಾಗಿಲಿಗೆ ಹೋಗಿ ಬೀಳುತ್ತಿವೆ. ಜೋಡಣೆ ನಿಲ್ಲುವುದಕ್ಕೆ ಕಾರಣ ಇಷ್ಟೇ. ಯಜಮಾನರಿಗೆ ಬೇಕಾದ ಉತ್ತರ ನನಗೆ ಎರಡನೆಯ ದಿನವೇ ಸಿಕ್ಕಿತ್ತು. ಉಳಿದ ಹನ್ನೆರಡು ದಿನ ನಾನು ಇಲ್ಲಿ ಇದ್ದದ್ದು ನನ್ನ ಸ್ವಂತ ಕೆಲಸಕ್ಕೆ.

“ಆ ಎರಡು ಸಾವಿರದ ಆರ್ಡರ್ ಸಾಫ್ಟ್‌ವೇರ್ ಹಾಕಿದ್ದಲ್ಲ,” ಎಂದೆ. “ಕೈಯಲ್ಲಿ ಟೈಪ್ ಮಾಡಿ ಹಾಕಿದ್ದು. ಅದ್ರಲ್ಲೂ ನಿಮ್ಮದೇ ಗುರುತು. ಮೊದಲು ಹಸಿವಿಗೆ ಹಾಕಿದ್ರಿ, ಆಮೇಲೆ ಪ್ರೆಸ್ಸಿನ ಕೆಳಗೆ ತಳ್ಳಿದ್ರಿ. ಒಂದೇ ಪ್ರಶ್ನೆ ಉಳಿದಿದೆ. ಯಾಕೆ? ಅವನು ನಿಮಗೆ ಏನು ಮಾಡಿದ್ದ?”

ಗಡಿಯಾರದಲ್ಲಿ ಹನ್ನೊಂದೂ ನಲವತ್ತು.

ಪರ್ಸೆಂಟ್ ಸರ್ ಕನ್ನಡಕ ಹಾಕಿಕೊಂಡರು. “ಮುಗೀತಾ ನಿಮ್ಮ ಪಾಠ?”

“ಮುಗೀತು.”

“ಚೆನ್ನಾಗಿ ಒಪ್ಪಿಸಿದ್ರಿ. ನೂರಕ್ಕೆ ನೂರು. ನಾನು ಬೇಕಂತಲೇ ಆ ಚೌಕ ಖಾಲಿ ಬಿಟ್ಟೆ, ಹೌದು. ಆದ್ರೆ ನನ್ನ ಮೊದಲನೇ ಮಾತು ನಿಮ್ಮ ಕಿವಿಗೆ ಬೀಳ್ಲಿಲ್ಲ.”

“ಯಾವ ಮಾತು?”

“ಕಾಗದ ಇಲ್ದೆ ನಾನು ಯಾವ ನಿಯಮಾನೂ ಮುಟ್ಟಲ್ಲ.”

ಎದ್ದು ಕಬ್ಬಿಣದ ಬೀರು ತೆಗೆದರು. ಕಡತಗಳು ಸಾಲಾಗಿ, ಬೆನ್ನಿನ ಮೇಲೆ ಚೀಟಿ ಅಂಟಿಸಿಕೊಂಡು ನಿಂತಿದ್ದವು. ಹುಡುಕಲಿಲ್ಲ, ಕೈ ನೇರ ಹೋಯಿತು. ಒಂದು ಹಾಳೆ ತೆಗೆದು ನನ್ನ ಮುಂದಿಟ್ಟು, ಬಾಗಿಲ ಹತ್ತಿರದ ಕುರ್ಚಿ ಎಳೆದುಕೊಂಡು ಕೂತರು. ಬಾಗಿಲಿಗೂ ನನಗೂ ನಡುವೆ.

ಅಣ್ಣನ ವರ್ಕ್‌ಶಾಪಿನ ಹೆಸರಿರುವ ಹಾಳೆ. ಟೈಪ್ ಮಾಡಿದ ನಾಲ್ಕು ಸಾಲು.

‘ನಮ್ಮ ಪ್ರೆಸ್ಸು ದುರಸ್ತಿಯಲ್ಲಿದೆ. ಹೊಸ ಸರಬರಾಜುದಾರರ ಲೆಕ್ಕ ಸೊನ್ನೆಯಿಂದಲೇ ಶುರುವಾಗಲಿ. ಅವರು ನಮ್ಮ ಸಮಕ್ಕೆ ಬರುವ ತನಕ ನಮಗೆ ಆರ್ಡರ್ ಬರದಿದ್ದರೆ ನಮ್ಮ ಆಕ್ಷೇಪವಿಲ್ಲ. ನಮ್ಮ ಅರವತ್ತರ ಪಾಲು ಹಾಗೆಯೇ ಇರಲಿ.’

ಕೆಳಗೆ ಸಹಿ.

ಅದು ನನ್ನ ಸಹಿ. ನಕಲಲ್ಲ, ತಿದ್ದಿದ್ದಲ್ಲ. ಕೊನೆಯಲ್ಲಿ ಬಾಲ ಎಳೆದು ಎರಡು ಚುಕ್ಕೆ ಇಡುವುದು ನನ್ನ ಹತ್ತನೇ ತರಗತಿಯ ಚಟ. ಇಂಕು ಕೂಡ ನಾನು ಇಷ್ಟಪಡುವ ಹಸಿರು.

ಹಾಳೆ ತಿರುಗಿಸಿದೆ. ಹಿಂಬದಿಯ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಪುಟ್ಟದಾಗಿ ಐದು ಎಂದು ಬರೆದಿತ್ತು. ಅದೂ ನನ್ನ ಕೈಬರಹವೇ.

ವರ್ಕ್‌ಶಾಪಿಗೆ ದಾಖಲೆಯಲ್ಲಿ ನಾವಿಬ್ಬರು ಪಾಲುದಾರರು. ಅಣ್ಣನ ಕೈಬರಹ ಕೋಳಿ ಕೆದಕಿದ ಹಾಗೆ, ಹೊರಗೆ ಹೋಗುವ ಪತ್ರಕ್ಕೆಲ್ಲ ನನ್ನದೇ ಸಹಿ. ನಾನು ಈ ಕೆಲಸ ಹಿಡಿದು ಊರು ಬಿಡುವ ಹಿಂದಿನ ದಿನ, “ನೀನಿಲ್ದೆ ಒಂದು ಪತ್ರ ಕಳಿಸೋಕೂ ಆಗಲ್ಲ ಕಣೇ,” ಎಂದು ಗೊಣಗಿದ. ಪ್ಯಾಡಿನಲ್ಲಿ ಆರು ಹಾಳೆ ಉಳಿದಿದ್ದವು. ಆರಕ್ಕೂ ಖಾಲಿಯಾಗಿಯೇ ಕೆಳಗೆ ಸಹಿ ಹಾಕಿ, ಹಿಂದೆ ಒಂದರಿಂದ ಆರರ ತನಕ ಸಂಖ್ಯೆ ಬರೆದುಕೊಟ್ಟೆ. ಊರಿಗೆಲ್ಲ ಬುದ್ಧಿ ಹೇಳುವ ಪತ್ತೇದಾರಿಣಿ ಮಾಡಿದ ಕೆಲಸ ಇದು. ಎರಡು ವರ್ಷದ ಹಿಂದೆ ಅಣ್ಣ ಫೋನಿನಲ್ಲಿ ನಕ್ಕಿದ್ದ: “ನಾಲ್ಕು ಖರ್ಚಾಯ್ತು, ಎರಡಿವೆ. ಬಂದು ಮತ್ತೆ ಹಾಕಿಕೊಡು.”

“ಗೇಟಿನ ರಿಜಿಸ್ಟರಲ್ಲಿ ಬೇರೆ ಹೆಸರು ಬರೆದಿದ್ದೀರಿ,” ಎಂದರು ಪರ್ಸೆಂಟ್ ಸರ್. “ಸಹಿ ಬದಲಾಯಿಸೋದು ಮರೆತಿದ್ದೀರಿ. ಕೊನೇಲಿ ಎರಡು ಚುಕ್ಕೆ. ಬೆಳಿಗ್ಗೆ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ.”

“ಸರ್, ಇದನ್ನ ನಾನು ಬರೆದಿಲ್ಲ.”

“ಸಹಿ ನಿಮ್ಮದಲ್ವಾ?”

ಹಾಳೆಯನ್ನು ಮತ್ತೆ ತಿರುಗಿಸಿ ಆ ಐದನ್ನು ನೋಡಿದೆ.

“ಹನ್ನೊಂದನೇ ತಿಂಗಳು ನಿಮ್ಮಣ್ಣ ಇದೇ ಕುರ್ಚಿಗೆ ಬಂದು ಕೂತ್ರು,” ಎಂದರು. ಅವರ ದನಿಯಲ್ಲಿ ಈಗ ಪರ್ಸೆಂಟು ಇರಲಿಲ್ಲ. “ಪ್ರೆಸ್ಸು ರಿಪೇರಿ ಆಯ್ತಾ ಅಂತ ಕೇಳಿದೆ. ಪ್ರೆಸ್ಸಿಗೆ ಏನಾಗಿತ್ತು ಅಂತ ಅವರು ನನ್ನೇ ಕೇಳಿದ್ರು. ಆಗ ಈ ಕಾಗದ ತೋರಿಸ್ದೆ.”

“ಅವನು ನೋಡಿದ್ನಾ?” ಎಂದೆ. “ಇದನ್ನ ಅಣ್ಣ ನೋಡಿದ್ನಾ?”

“ಸಹಿ ಮೇಲೆ ಹೆಬ್ಬೆಟ್ಟು ಇಟ್ಕೊಂಡು ಸುಮಾರು ಹೊತ್ತು ಕೂತಿದ್ರು. ನಾನು, ‘ಇದು ನಿಮ್ಮ ಕಾಗದ ಅಲ್ವಾ? ಮೋಸ ಆಗಿದ್ಯಾ? ಯಜಮಾನರಿಗೆ ಹೇಳೋಣ್ವಾ?’ ಅಂದೆ. ‘ಇಲ್ಲ ಇಲ್ಲ, ನಮ್ಮದೇ ಕಾಗದ, ನಾನೇ ಮರೆತಿದ್ದೆ,’ ಅಂದ್ರು. ‘ಒಂದು ಆರ್ಡರ್ ಕೊಡಿ ಸಾಕು’ ಅಂತ ಕೇಳ್ಕೊಂಡ್ರು. ಕಾಗದ ಇಲ್ದೆ ನಾನು ಮಾಡಿದ ಕೆಲಸ ಅದೊಂದೇ. ಎರಡು ಸಾವಿರ ಟೈಪ್ ಮಾಡಿದೆ.”

ಅಣ್ಣನ ಕೊನೆಯ ಫೋನು ನೆನಪಾಯಿತು. ನಾನು ಯಾವುದೋ ಗೋದಾಮಿನಲ್ಲಿ ಪೆಟ್ಟಿಗೆ ಎಣಿಸುತ್ತಿದ್ದೆ. “ನನ್ನ ಮೇಲೆ ಏನಾದ್ರೂ ಬೇಜಾರಿದ್ಯೇನೇ?” ಎಂದು ಕೇಳಿದ. “ಏನಣ್ಣಾ ಇದು ಹುಚ್ಚು, ಆಮೇಲೆ ಮಾಡ್ತೀನಿ,” ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ. ಮೂರನೆಯ ದಿನ ಅವನಿರಲಿಲ್ಲ.

ತಂಗಿಯೇ ತನ್ನ ಅನ್ನ ಕಿತ್ತಳು ಎಂದುಕೊಂಡು ಅಣ್ಣ ಸತ್ತಿದ್ದ. ಹಾಗೆ ಅಂದುಕೊಂಡೂ ನನ್ನ ಹೆಸರನ್ನು ಯಾರ ಮುಂದೆಯೂ ಬಿಟ್ಟುಕೊಟ್ಟಿರಲಿಲ್ಲ.

ನನಗೆ ಅಳು ಬರಲಿಲ್ಲ. ಇಷ್ಟು ದಿನ ನಾನು ಸಿಟ್ಟು ಎಂದುಕೊಂಡದ್ದು ಸಿಟ್ಟೇ ಅಲ್ಲ ಎಂದು ಆಗ ಗೊತ್ತಾಯಿತು. ಅಣ್ಣನನ್ನು ಕೊಂದದ್ದಕ್ಕೆ ಒಂದು ಲೆಕ್ಕ. ಅವನ ಕೊನೆಯ ಮೂರು ದಿನ ನನ್ನನ್ನು ಅವನ ಕಣ್ಣಿನಲ್ಲಿ ಕೊಂದದ್ದಕ್ಕೆ ಇನ್ನೊಂದು ಲೆಕ್ಕ. ಎರಡನ್ನೂ ತೀರಿಸದೆ ಬಿಟ್ಟರೆ ನಾನು ಅವನ ತಂಗಿಯಲ್ಲ.

“ಈ ನಾಲ್ಕು ತಿಂಗಳು ನಾನು ಸರಿಯಾಗಿ ಊಟ ಮಾಡಿಲ್ಲಮ್ಮ,” ಎಂದರು ಪರ್ಸೆಂಟ್ ಸರ್. “ಆ ಆರ್ಡರ್ ಹಾಕಿದ ಬೆರಳು ಇವೇ. ಇಂಥ ಕಾಗದ ಬರೆದೋರು ಯಾರು, ಕೈಗೆ ಸಿಕ್ಕಿದ್ರೆ ಬಿಡಬಾರ್ದು ಅಂತ ಕಾಯ್ತಾ ಇದ್ದೆ. ಇವತ್ತು ನೀವೇ ಬಂದು ಎದುರಿಗೆ ಕೂತಿದ್ದೀರಿ.”

ಬೇಟೆಗೆ ಬಂದವಳು ನಾನು. ಬೋನಿನ ಬಾಗಿಲು ನನ್ನ ಹಿಂದೆಯೇ ಮುಚ್ಚಿತ್ತು.

“ಕೇಳಿ ಸರ್. ಸಹಿ ನನ್ನದೇ. ಆದ್ರೆ ಖಾಲಿ ಹಾಳೆ ಮೇಲೆ ಹಾಕಿದ್ದು, ವರ್ಷಗಳ ಹಿಂದೆ. ಮೇಲಿನ ನಾಲ್ಕು ಸಾಲು ಬೇರೆಯೋರದ್ದು. ಆ ಹಾಳೆಗಳು ವರ್ಕ್‌ಶಾಪಿನ ಬೀರುವಿನಲ್ಲಿ ಇದ್ವು. ನನ್ನ ನಂಬಿ.”

“ಎಷ್ಟು ಪರ್ಸೆಂಟ್ ನಂಬ್ಲಿ?” ಎಂದು ಅವರು ಅಂಗಿಯ ಜೇಬಿಗೆ ಕೈ ಹಾಕಿದರು. “ಯಾಕಂದ್ರೆ ಬೆಳಿಗ್ಗೆ ನನ್ನ ಮೇಜಿನ ಮೇಲೆ ಇನ್ನೊಂದು ಬಂದಿದೆ. ‘ಯಜಮಾನರಿಗೆ ತಲುಪಿಸಿ’ ಅಂತ ಲಕೋಟೆ ಮೇಲೆ ಬರೆದಿತ್ತು. ಅದಕ್ಕೇ ನಾನು ಗೇಟಿಗೆ ಹೋಗಿ ರಿಜಿಸ್ಟರ್ ನೋಡಿದ್ದು.”

ನಾಲ್ಕು ಮಡಿಕೆಯ ಹಾಳೆಯನ್ನು ಬಿಚ್ಚಿ, ಕೈಗೆ ಕೊಡದೆ ದೂರದಿಂದ ಹಿಡಿದು ತೋರಿಸಿದರು. ಅದೇ ವರ್ಕ್‌ಶಾಪಿನ ಹೆಸರು, ಅದೇ ಹಸಿರು ಸಹಿ, ಎರಡು ಚುಕ್ಕೆ. ಬೆಳಕಿಗೆ ಹಿಡಿದಿದ್ದರಿಂದ ಮೂಲೆಯ ಪೆನ್ಸಿಲ್ ಗುರುತು ಈ ಕಡೆಗೂ ಕಂಡಿತು. ಆರು.

‘ಅಣ್ಣನ ಕೆಲಸ ನಿಲ್ಲಿಸಿದ ಕಾಗದ ಬರೆದವಳು ನಾನೇ. ಆ ಕಾಗದವನ್ನು ಇಲ್ಲವಾಗಿಸಲು ಈಗ ಸುಳ್ಳು ಹೆಸರಿನಲ್ಲಿ ನಿಮ್ಮ ಕಾರ್ಖಾನೆಗೆ ಬಂದಿದ್ದೇನೆ. ನನ್ನ ತಪ್ಪು ಒಪ್ಪಿಕೊಂಡಿದ್ದೇನೆ.’

ಎರಡು ಸಲ ಓದಿದೆ. ಎರಡನೆಯ ಸಲ ಕಣ್ಣು ‘ಸುಳ್ಳು ಹೆಸರಿನಲ್ಲಿ’ ಎಂಬಲ್ಲಿ ನಿಂತಿತು.

ನಾನು ಇಲ್ಲಿ ಸುಳ್ಳು ಹೆಸರಿನಲ್ಲಿ ಇರುವುದು ಯಾರಿಗೆ ಗೊತ್ತು? ನನ್ನ ಕಚೇರಿಗೂ ಹೇಳಿಲ್ಲ. ಇಡೀ ಲೋಕದಲ್ಲಿ ಒಬ್ಬರಿಗೆ ಮಾತ್ರ ಹೇಳಿದ್ದೇನೆ. ವರ್ಕ್‌ಶಾಪಿನ ಬೀರುವಿಗೆ ಎರಡು ಬೀಗದ ಕೈ. ಒಂದು ಅಣ್ಣನ ಜೇಬಿನಲ್ಲಿರುತ್ತಿತ್ತು. ಇನ್ನೊಂದು ಅಣ್ಣನ ಮನೆಯ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಮೊಳೆಯಲ್ಲಿ ಇವತ್ತು ಬೆಳಿಗ್ಗೆಯೂ ತೂಗುತ್ತಿತ್ತು. ಅದರ ಕೆಳಗೆ ನಿಂತೇ ಅತ್ತಿಗೆ ನನ್ನ ಕೈಗೆ ಗಡಿಯಾರ ಕಟ್ಟಿದ್ದಳು.

ಇಲ್ಲ, ಇರಲಾರದು. ದಿನಾ ನನ್ನ ಜೊತೆ ಕೂತು ಅತ್ತವಳು, ‘ಬಿಡಬೇಡ ಅವನನ್ನ’ ಎಂದು ನನ್ನನ್ನು ಇಲ್ಲಿಗೆ ಅಟ್ಟಿದವಳು.

ಅಟ್ಟಿದವಳು.

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಯಜಮಾನರದ್ದು ಭಾರವಾದ ಹೆಜ್ಜೆ, ಎಲ್ಲಿದ್ದರೂ ಗೊತ್ತಾಗುತ್ತದೆ. ನಾನೇ ಕರೆದ ಅತಿಥಿ, ಒಂದು ನಿಮಿಷವೂ ತಡಮಾಡದೆ ಬರುತ್ತಿದ್ದರು.

“ಹೇಳಮ್ಮ ಬೇಗ,” ಎಂದರು ಪರ್ಸೆಂಟ್ ಸರ್, ಕುರ್ಚಿಯಿಂದ ಎದ್ದು. “ಇದನ್ನ ಅವರಿಗೆ ಕೊಡ್ಲಾ? ಬೇಡ್ವಾ? ಬೇಡ ಅಂದ್ರೆ ಬರೆದೋರು ಯಾರು ಅಂತ ಈಗ್ಲೇ ಹೇಳಿ.”

ಮೇಜಿನ ಮೇಲೆ ನನ್ನ ಫೋನು ಗುಂಯ್‌ಗುಟ್ಟಿತು. ಅತ್ತಿಗೆಯ ಸಂದೇಶ.

‘ಹನ್ನೆರಡಾಯ್ತು. ಮುಗೀತಾ?’

ಬಾಗಿಲು ತೆರೆಯಿತು. ಯಜಮಾನರು ಪರ್ಸೆಂಟ್ ಸರ್ ಅವರನ್ನು ನೋಡಿದರು, ಅವರ ಕೈಯಲ್ಲಿದ್ದ ಹಾಳೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು.

“ಏನಮ್ಮಾ, ಸಿಕ್ಕಿದ್ರಾ ಕಳ್ಳರು?”